ಹಗೇವಿಗೆ ಬೆನ್ನು ಮಾಡಿ ಕೂತವರು

ಹೋದ ತಿಂಗಳು ಹೊಸೂರಿನಿಂದ ಮಗಳು ಬರುವಾಗ ಒಂದು ಪ್ಯಾಕೆಟ್ ಗೋಧಿ ನುಚ್ಚು ತಂದಿದ್ದಳು. ಸಕ್ಕರೆ ಕಾಯಿಲೆಗೆ ಒಳ್ಳೆಯದಂತೆ. ಅದು ಒಲೆಯ ಮೇಲೆ ಕುದಿಯತೊಡಗಿದಾಗ ಬಂದ ವಾಸನೆಗೆ ನಾನು ಸೌಟು ಹಿಡಿದುಕೊಂಡೇ ನಿಂತುಬಿಟ್ಟೆ. ಒಂದು ಕಾಲಕ್ಕೆ ನಮ್ಮೂರ ಶಾಲೆಯ ಹಿಂದಿನಿಂದ ಮಧ್ಯಾಹ್ನದ ಹೊತ್ತು ಬರುತ್ತಿದ್ದ ವಾಸನೆ ಅದು. ಗೋಣಿಯ ಕಮಟು, ಸೌದೆಯ ಹೊಗೆ, ಡಬ್ಬಿಯ ಎಣ್ಣೆ... ಅದರ ಹಿಂದೆಯೇ ನಮ್ಮ ಮಾವ ಬಂದರು. ತಲೆಗೆ ಟವಲು ಸುತ್ತಿಕೊಂಡು, ಯಾರಿಗೋ ಉತ್ತರ ಕೊಡುವವರ ಹಾಗೆ ಗದ್ದ ಎತ್ತಿಕೊಂಡು.

ಮಾವ ಎಂದರೆ ನನ್ನ ಗಂಡನ ತಂದೆ. ಗಡಿಯಾಚೆ ತಮಿಳುನಾಡಿಗೆ ಸೇರಿದ ಕೆಲಮಂಗಲದಿಂದ ಒಳಕ್ಕೆ ಹೋಗುವ ದಾರಿಯಲ್ಲಿ ನಮ್ಮೂರು. ಎಪ್ಪತ್ತರ ದಶಕದಲ್ಲಿ ನಾನು ಸೊಸೆಯಾಗಿ ಬಂದಾಗ ಅವರು ಊರಗೌಡರಾಗಿದ್ದರು. ಅವರಿಗೆ ಸಂತೆಯ ತಮಿಳು ಚೆನ್ನಾಗಿ ಬರುತ್ತಿತ್ತು, ಆಫೀಸಿನ ತಮಿಳು ಬರುತ್ತಿರಲಿಲ್ಲ. ನಾನು ಎರಡೂ ಭಾಷೆ ಓದಿಕೊಂಡಿದ್ದರಿಂದ ಆಫೀಸಿನ ಕೆಲಸ ಬಿದ್ದಾಗ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಸೊಸೆಯನ್ನು ಹೀಗೆ ತಿರುಗಾಡಿಸುತ್ತಾರಲ್ಲ ಎಂದು ಊರು ಆಡಿಕೊಂಡರೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಚಾವಡಿಯ ಪಕ್ಕದಲ್ಲಿ ಒಂದು ಹಗೇವು ಇತ್ತು. ಈಗಿನವರಿಗೆ ತಿಳಿಯಲಿಕ್ಕಿಲ್ಲ. ನೆಲದೊಳಗೆ ಹೂಜಿಯ ಆಕಾರದಲ್ಲಿ ತೋಡಿದ ರಾಗಿಯ ಕಣಜ. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಈ ಹಗೇವು ಯಾರ ಮನೆಯದೂ ಅಲ್ಲ, ಊರಿನದು. ಸುಗ್ಗಿ ಮುಗಿದ ಮೇಲೆ ಎಲ್ಲ ಮನೆಯವರೂ ಕೈಲಾದಷ್ಟು ರಾಗಿ ತಂದು ಸುರಿಯುತ್ತಿದ್ದರು. ಸುರಿಯುವಾಗ ಗೌಡರು ಹಗೇವಿಗೆ ಬೆನ್ನು ಮಾಡಿ ಕೂರಬೇಕು. ಯಾರು ಮೂಟೆಯಲ್ಲಿ ತಂದರು, ಯಾರು ಮೊರದಲ್ಲಿ ತಂದರು ಎಂದು ನೋಡಬಾರದು. ಶಾಲೆಯ ಮಕ್ಕಳ ಮಧ್ಯಾಹ್ನದ ಮುದ್ದೆ ಆ ರಾಗಿಯದು. ಬೇಳೆ, ಉಪ್ಪು, ಅಡುಗೆಯವಳ ಕೂಲಿಗೆ ಸರ್ಕಾರದ ಪಂಚಾಯ್ತಿ ಯೂನಿಯನ್ ಆಫೀಸಿನಿಂದ ಒಂದಿಷ್ಟು ದುಡ್ಡು ಬರುತ್ತಿತ್ತು.

ಆಮೇಲೆ ಹೊರದೇಶದ ಗೋಧಿ ನುಚ್ಚು ಬಂತು, ಜೊತೆಗೆ ಎಣ್ಣೆ, ಹಾಲಿನ ಪುಡಿ. ಎಲ್ಲರೂ ಅದನ್ನು ಪಾರಿನ್ ಗೋಧಿ ಎನ್ನುತ್ತಿದ್ದರು. ಚೀಲದ ಮೇಲೆ ಕೊಟ್ಟ ದೇಶದ ಹೆಸರು ದೂರಕ್ಕೂ ಕಾಣುವಂತೆ ನೀಲಿ ಅಕ್ಷರದಲ್ಲಿ ಇರುತ್ತಿತ್ತು. ಮಾವನಿಗೂ ಖುಷಿಯೇ. ಆ ಸುಗ್ಗಿಯಲ್ಲಿ ಅವರೇ ಚಾವಡಿಯಲ್ಲಿ ನಿಂತು, “ಪುಕ್ಸಟ್ಟೆ ಬತ್ತಾ ಇರೋವಾಗ ನಿಮ್ ರಾಗಿ ನೀವೇ ಇಟ್ಕಳ್ರಪ್ಪಾ” ಎಂದು ಹೇಳಿ ಚಪ್ಪಡಿ ಮುಚ್ಚಿಸಿದರು.

ಕೆಲವು ವರ್ಷ ಹಾಗೇ ನಡೆಯಿತು. ಒಂದು ವರ್ಷ ಬೇಸಿಗೆ ರಜೆ ಮುಗಿದು ಶಾಲೆ ತೆರೆದರೂ ಲಾರಿ ಬರಲಿಲ್ಲ. ಶಾಲೆಯ ಅಡುಗೆ ಹಂಡೆ ಬೋರಲು ಬಿತ್ತು. ಮಕ್ಕಳು ಒಬ್ಬೊಬ್ಬರಾಗಿ ಕುರಿಯ ಹಿಂದೆ ಹೋಗತೊಡಗಿದರು. ಮೇಷ್ಟ್ರು ಮನೆಗೆ ಬಂದು, “ಗೌಡ್ರೇ, ಹಿಂಗೇ ಆದ್ರೆ ಸ್ಕೂಲ್ ಮುಚ್ಚಾಕ್ತಾರೆ. ನನ್ನ ಬೇರೆ ಊರಿಗೆ ಹಾಕ್ತಾರೆ, ನಿಮ್ ಹೈಕ್ಳಿಗೆ ಗತಿ ಏನು?” ಎಂದರು. ಆ ಶಾಲೆಯ ಮಂಜೂರಾತಿಗಾಗಿ ಮಾವ ತಮ್ಮ ಪ್ರಾಯವನ್ನೆಲ್ಲ ಓಡಾಡಿ ಕಳೆದಿದ್ದರು. ಮಾರನೆಯ ದಿನವೇ ನಾವಿಬ್ಬರೂ ಕೆಲಮಂಗಲದ ಯೂನಿಯನ್ ಆಫೀಸಿಗೆ ಹೋದೆವು.

ಆಫೀಸರು ಕೆಟ್ಟವರಲ್ಲ. ಕುರ್ಚಿ ಹಾಕಿಸಿದರು. “ಕಪ್ಪಲ್ ವರಲೆ, ಗೌಂಡರೇ” ಎಂದರು. ಹಡಗು ಬಂದಿಲ್ಲ. ದೆಹಲಿಯವರು ಯಾವುದೋ ವಿಷಯಕ್ಕೆ ಆ ದೇಶದ ಮಾತು ಕೇಳಲಿಲ್ಲವಂತೆ, ಅವರಿಗೆ ಕೋಪ ಬಂದಿದೆಯಂತೆ.

“ಅದ್ಕೆ ನಮ್ ಮಕ್ಳು ಯಾಕೆ ಉಪಾಸ ಇರ್ಬೇಕು? ಮುಂಚೆ ಇವ್ರು ಕೊಡ್ತಿದ್ದ ದುಡ್ಡು ಎಲ್ಲೋಯ್ತು ಅಂತ ಕೇಳಮ್ಮ” ಎಂದರು ಮಾವ.

ನಾನು ಕೇಳಿದೆ. ಆ ಕಡೆಯಿಂದ ಗೋಧಿ ಬರತೊಡಗಿದ ಮೇಲೆ ನಮ್ಮ ಸರ್ಕಾರ ಆ ದುಡ್ಡು ಇಡುವುದನ್ನೇ ನಿಲ್ಲಿಸಿತು ಎಂದರು ಆಫೀಸರು. ಈಗ ಮೇಲಿನವರನ್ನು ಕೇಳಿದರೆ ಕಾಯಿರಿ, ಬರುತ್ತದೆ ಎನ್ನುತ್ತಾರೆ. ಮನವಿ ಕೊಡಿ, ಮದ್ರಾಸಿಗೆ ಕಳಿಸುತ್ತೇನೆ, ಅವರು ದೆಹಲಿಗೆ ಕಳಿಸುತ್ತಾರೆ, ದೆಹಲಿಯವರು ಅಲ್ಲಿಗೆ...

ಮಾವ ಕುರ್ಚಿಯ ತುದಿಗೆ ಸರಿದರು. “ನಾವು ಕಂದಾಯ ಕಟ್ಟೋದು ಇವ್ರಿಗಾ, ಆ ಹಡಗ್ನೋರಿಗಾ? ಕೇಳು.” ನಾನು ತಡವರಿಸಿದೆ. “ಬೆಲ್ಲ ಸವರ್ಬ್ಯಾಡ ಕಣಮ್ಮ, ನಾನಂದಂಗೇ ಹೇಳು” ಎಂದರು. ಹೇಳಿದೆ. ಆಫೀಸರು ಕಿಟಕಿಯ ಕಡೆ ನೋಡಿದರು.

ಬಸ್ಸಿನಲ್ಲಿ ಬರುವಾಗ ಮಾವ ತಮಗೆ ತಾವೇ ಎಂಬಂತೆ, “ಅವ್ರು ದುಡ್ಡು ನಿಲ್ಸುದ್ರು. ನಾನು ಹಗೇವು ಮುಚ್ಚುದ್ನಲ್ಲ. ಅವ್ರಿಗೂ ನಂಗೂ ಇನ್ನೇನು ಯತ್ಯಾಸ” ಎಂದರು.

ಮರುದಿನ ಚಪ್ಪಡಿ ಎತ್ತಿಸಿದರು. ಒಳಗಿನ ಗಾಳಿ ಕೆಟ್ಟಿದೆಯೇ ಎಂದು ನೋಡಲು ಹಗ್ಗ ಕಟ್ಟಿ ದೀಪ ಇಳಿಸಿದರೆ ಆರಿಹೋಯಿತು. ಬಾಯಿ ತೆರೆದಿಟ್ಟು ಕಾದು, ದೀಪ ನಿಂತ ಮೇಲೆ ತಾವೇ ಇಳಿದು ಗುಡಿಸಿದರು. ಮನೆಯ ರಾಗಿಯನ್ನು ನಾನೂ ನನ್ನ ಗಂಡನೂ ಹೊತ್ತು ತಂದು ಸುರಿದೆವು. ಎದುರುಮನೆಯ ಅಕ್ಕ ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದಳು. “ಏನ್ ಗೌಡ್ರೇ, ಪಾರಿನ್ ಗೋಧಿ ರುಚಿ ಮುಗೀತಾ?”

“ರುಚಿ ಮುಗೀಲಿಲ್ಲ ಕಣಮ್ಮಿ, ಗೋಧಿ ಮುಗೀತು.”

ಮತ್ತೆ ಹಂಡೆಯಲ್ಲಿ ಎಸರು ಕುದಿಯಿತು. ಮಕ್ಕಳು ತಿರುಗಿ ಬಂದರು. ಆದರೆ ನಮ್ಮೊಂದು ಮನೆಯ ರಾಗಿ ಎಲ್ಲಿಯವರೆಗೆ? ಸುಗ್ಗಿಗೆ ಎಲ್ಲರೂ ಸುರಿಯುವುದಾಗಿ ಮಾತಾಗಿತ್ತು. ಸರಿಯಾಗಿ ಸುಗ್ಗಿಯ ಹೊತ್ತಿಗೇ ಲಾರಿ ಬಂದು ನಿಂತಿತು. ನೀಲಿ ಅಕ್ಷರ ಕಂಡ ಕೂಡಲೇ ಇನ್ನು ರಾಗಿ ಯಾಕೆ ಎಂದರು ಜನ.

ಮಾವ ಲಾರಿಯ ಮುಂದೆ ನಿಂತರು. “ಇಳಿಸ್ಕಳ್ರಪ್ಪಾ. ಚಾವಡಿ ಒಳ್ಗೆ ಹಾಕಿ ಬೀಗ ಹಾಕ್ತೀನಿ. ಹಗೇವು ತುಂಬೋಗಂಟ ಒಂದು ಚೀಲಾನೂ ಬಿಚ್ಚಂಗಿಲ್ಲ.”

ಗಲಾಟೆ ಎದ್ದಿತು. “ಅವ್ರು ಕೊಟ್ಟಿದ್ನ ತಿನ್ನಾಕೂ ಈವಯ್ಯನ ಅಪ್ಪಣೆ ಬೇಕೇನ್ಲಾ?” ಎಂದು ಹಿಂದಿನಿಂದ ಯಾರೋ ಕೂಗಿದರು. ಎದುರುಮನೆಯ ಅಕ್ಕ, “ಹಡಗಿನ ಮ್ಯಾಲಿನ ಸಿಟ್ನ ನಮ್ ಹೈಕ್ಳ ಮ್ಯಾಲೆ ತೀರುಸ್ಕೊತಾವ್ರೆ” ಎಂದಳು. ನನ್ನ ಗಂಡನೇ, “ಅಪ್ಪಾ, ಊರೊಂದಿಗೆ ಯಾಕೆ ಹಟ? ಬಿಟ್ಬುಡು” ಎಂದು ಕೈ ಹಿಡಿದೆಳೆದರು.

“ಈಗ ಬಿಟ್ರೆ ಇನ್ಯಾವತ್ತೂ ತುಂಬಲ್ಲ ಕಣ್ಲಾ. ಕೊಟ್ರೆ ಇಸ್ಕಳಾನ. ಕೊಡ್ದಿದ್ರೂ ಉಣ್ಣಂಗಿರ್ಬೇಕು” ಎಂದು ಮಾವ ಹೋಗಿ ಹಗೇವಿಗೆ ಬೆನ್ನು ಮಾಡಿ ಕೂತರು.

ಆ ದಿನ ಯಾರೂ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಮುದ್ದೆಯನ್ನು ಅಲ್ಲಿಗೇ ಒಯ್ದು ಕೊಟ್ಟೆ, ಉಂಡರು. ಬಿಸಿಲು ತಿರುಗಿದರೂ ಅವರು ತಿರುಗಲಿಲ್ಲ. ಮೂರನೆಯ ದಿನ ಶಾಲೆ ಬಿಡುವ ಹೊತ್ತಿಗೆ ಬೆನ್ನ ಹಿಂದೆ ರಾಗಿ ಸುರಿದ ಸದ್ದಾಯಿತು. ಎದುರುಮನೆಯ ಅಕ್ಕ.

“ತಿರುಗ್ಬ್ಯಾಡಿ ಗೌಡ್ರೇ, ಬರೀ ಒಂದು ಮೊರ.”

“ನಾನೆಲ್ಲವ್ವ ನೋಡ್ದೆ.”

ಅವಳ ಹಿಂದೆ ಒಂದೊಂದೇ ಮನೆ ಬಂತು. ಬೈದುಕೊಂಡೇ ಬಂದರು, ಬೈದುಕೊಂಡೇ ಸುರಿದರು. ಹಗೇವು ತುಂಬಿದ ಮೇಲೆ ಮಾವ ಎದ್ದು ಚಾವಡಿಯ ಬೀಗ ತೆಗೆದರು.

ಮರುವರ್ಷ ಹಡಗು ಮತ್ತೆ ತಪ್ಪಿತು. ಸುತ್ತಲ ಶಾಲೆಗಳಲ್ಲಿ ಒಲೆ ಹೊತ್ತದಿದ್ದಾಗ ನಮ್ಮಲ್ಲಿ ಮುದ್ದೆ ತಪ್ಪಲಿಲ್ಲ. ಆಫೀಸರು ಜೀಪಿನಲ್ಲಿ ಬಂದು ನೋಡಿ, ಇದನ್ನು ಮೇಲಕ್ಕೆ ಬರೆಯುತ್ತೇನೆ ಎಂದರು. ಮಾವ ನನ್ನ ಕಡೆ ತಿರುಗಿ, “ಹಡಗು ಬೇಗ ಕಳ್ಸಿ ಅಂತ ಬರೀಬ್ಯಾಡಿ ಅನ್ನು. ನಮ್ ಕಂದಾಯದ ದುಡ್ಡು ಮೊದ್ಲಿನಂಗೆ ಇಲ್ಲಿಗೆ ಇಡಿ ಅಂತ ಬರೀಲಿ” ಎಂದರು. ಅವರು ಬರೆದರೋ ಇಲ್ಲವೋ ತಿಳಿಯದು...

ಕೊಟ್ಟವರನ್ನು ನಾನು ಬೈಯುವುದಿಲ್ಲ. ಅವರ ಗೋಧಿ ತಿಂದು ನಮ್ಮೂರ ಮಕ್ಕಳೂ ಬೆಳೆದರು. ನನ್ನ ಸಿಟ್ಟು ಬೇರೆ. ಅನ್ನ ಹೊರಗಿನಿಂದ ಬರತೊಡಗಿದ ದಿನದಿಂದ ನಮ್ಮನ್ನು ಆಳುವವರು ನಮ್ಮ ಮುಖ ನೋಡುವುದನ್ನು ಬಿಟ್ಟು ಸಮುದ್ರದ ಕಡೆ ನೋಡುತ್ತ ಕೂತರು. ಮಾವ ತಪ್ಪು ಎಂದದ್ದು ಅದನ್ನು. ಈಗಲೂ ಅದು ತಪ್ಪೇ.

ಎಂಬತ್ತರ ದಶಕದ ಮೊದಲಲ್ಲೇ ಮಾವ ತೀರಿಕೊಂಡರು. ಅದಾದ ಮೇಲೆ ಶಾಲೆಗಳಿಗೆಲ್ಲ ನಮ್ಮ ಸರ್ಕಾರದ್ದೇ ಅಕ್ಕಿ ಬಂತು. ಮೊದಲ ಮೂಟೆ ಇಳಿದ ದಿನ ಮಾವನಿಗೆ ಹೇಳೋಣವೆಂದು ಮನೆಗೆ ಓಡಿ ಬಂದೆ. ಅವರು ಕೂರುತ್ತಿದ್ದ ಜಗುಲಿ ಖಾಲಿ. ನನಗೆ ಆ ದಿನ ಅಳು ಬಂದ ಹಾಗೆ ಅವರು ಹೋದ ದಿನವೂ ಬಂದಿರಲಿಲ್ಲ.

ಮೊನ್ನೆ ಗ್ರಾಮಸಭೆಯಲ್ಲಿ, ಹೊರದೇಶದ ಒಂದು ಸಂಸ್ಥೆ ನಮ್ಮೂರಿಗೆ ಕುಡಿಯುವ ನೀರಿನ ಮಿಷನ್ನು ಹಾಕಿಸುತ್ತದೆ, ಇನ್ನು ಊರ ನೀರಿನ ಟ್ಯಾಂಕಿಗೆ ಪಂಚಾಯ್ತಿ ದುಡ್ಡು ಇಡಬೇಕಾಗಿಲ್ಲ ಎಂದರು ಪ್ರೆಸಿಡೆಂಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಂಡಿ ನೋವಿನಲ್ಲೇ ನಾನು ಎದ್ದು ನಿಂತೆ.

“ಅವ್ರು ನಿಲ್ಲುಸ್ಬುಟ್ರೆ?”

“ಯಾಕಜ್ಜಿ ನಿಲ್ಲುಸ್ತಾರೆ? ಕೂತ್ಕಳಿ” ಎಂದರು ಪ್ರೆಸಿಡೆಂಟರು. ಜನ ನಕ್ಕರು.

“ಮಿಷನ್ನು ಬರ್ಲಿ. ಟ್ಯಾಂಕಿನ ದುಡ್ಡು ತೆಗೆಯಲ್ಲ ಅಂತ ಹೇಳಿ, ಕೂತ್ಕತೀನಿ.”

ಪಕ್ಕದಲ್ಲಿ ಯಾರೂ ಏಳಲಿಲ್ಲ. ಮಾವ ಇದ್ದಿದ್ದರೆ ಎದ್ದೇಳುತ್ತಿದ್ದರು, ಅವರು ಇಲ್ಲ. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಪ್ರೆಸಿಡೆಂಟರು ನನ್ನನ್ನೇ ನೋಡುತ್ತಿದ್ದರು. ನಾನು ಇನ್ನೂ ನಿಂತೇ ಇದ್ದೆ.