ಕೊಬ್ಬು ಲೋಕಲ್ಲಾ, ಎಕ್ಸ್‌ಪ್ಯಾಟಾ?

ದೋಹಾದ ಕಾರ್ಗೋ ಆಫೀಸಿನಲ್ಲಿ ನಮ್ಮ ಲ್ಯಾಬಿನ ಪೆಟ್ಟಿಗೆ ಸಿಕ್ಕಿಬಿದ್ದಿತ್ತು. ಒಳಗೆ ಆಫ್ರಿಕಾದ ಕೆರೆಯೊಂದರ ಕೆಸರು. ಆರಿದ ಜ್ವಾಲಾಮುಖಿಯ ಗುಂಡಿಯಲ್ಲಿ ನೀರು ನಿಂತು ಆದ ಕೆರೆ ಅದು. ಹೊರಗೆ ಜೂನ್ ತಿಂಗಳ ಬಿಸಿಲು. ಪೆಟ್ಟಿಗೆಯ ಐಸ್ ಕರಗಿದರೆ ಕೆಸರು ಹಾಳು. ಪುಣ್ಯಕ್ಕೆ ಕೌಂಟರಿನಲ್ಲಿದ್ದವರು ನಮ್ಮ ಉಡುಪಿ ಕಡೆಯ ಲವೀನಾ ಬಾಯಿ.

"ಎಂತ ಉಂಟು ಮಾರಾಯ್ರೆ ಇದರಲ್ಲಿ?"

"ಕೆಸರು. ನಮಗೆ ಬೇಕಾದ್ದು ಅದರೊಳಗಿನ ಬ್ಯಾಕ್ಟೀರಿಯಾದ ಕೊಬ್ಬು," ಎಂದೆ, ದೊಡ್ಡ ವಿಜ್ಞಾನಿಯ ಗತ್ತಿನಲ್ಲಿ.

ಅವರ ಪೆನ್ನು ನಿಂತಿತು. "ಕೊಬ್ಬಾ? ಹಂದಿಯದ್ದಲ್ಲ ಅಲ್ವಾ?"

"ಅಯ್ಯೋ, ಅಲ್ಲ. ಕಣ್ಣಿಗೆ ಕಾಣದ ಜೀವಿಗಳ ಮೈಪೊರೆಯದ್ದು."

"ಸರಿ, ಎಲ್ಲಿಂದ ಬಂದದ್ದು? ಫಾರ್ಮಿನಲ್ಲಿ ಮೂಲ ಬರೀಬೇಕು."

"ನಮ್ಮ ಸಂಶೋಧನೆಯೇ ಅದು, ಬಾಯಿ. ಕೆರೆಯಲ್ಲೇ ಹುಟ್ಟಿದ್ದೋ, ದಡದ ಮಣ್ಣಿನಿಂದ ಮಳೆನೀರಿನಲ್ಲಿ ಬಂದು ಸೇರಿದ್ದೋ, ಗೊತ್ತಿಲ್ಲ."

"ಅಂದ್ರೆ ಲೋಕಲ್ಲಾ, ಎಕ್ಸ್‌ಪ್ಯಾಟಾ ಅಂತ ಗೊತ್ತಿಲ್ಲ. ಎರಡೂ ಇರ್ತದೆ. ಇಲ್ಲಿ ದೋಹಾದಲ್ಲೇ ನೋಡುದಿಲ್ವಾ, ಊರಿನವರೂ ಉಂಟು, ನಮ್ಮ ಹಾಗೆ ಹೊರಗಿಂದ ಬಂದವರೂ ಉಂಟು?" ಫಾರ್ಮಿನಲ್ಲಿ ‘ಎರಡೂ’ ಎಂದು ಬರೆದು ಸೀಲು ಒತ್ತಿದರು. "ಖಲಾಸ್, ತಗೊಂಡು ಹೋಗಿ."

ಲ್ಯಾಬಿನಲ್ಲಿ ವರ್ಷವಿಡೀ ಯಂತ್ರ ಓಡಿಸಿ ನಾವು ಕಂಡುಕೊಂಡದ್ದೂ ಅಷ್ಟೇ: ಎರಡೂ. ಕೆಸರಿನ ಕೊಬ್ಬು ಎಲ್ಲಿಂದ ಬಂತೆಂದು ತಿಳಿಯುವಷ್ಟರಲ್ಲಿ ನನ್ನ ಕೊಬ್ಬು ಪೂರ್ತಿ ಇಳಿದಿತ್ತು.