ಅಣ್ಣ ನಿಲ್ಲಿಸುತ್ತಿದ್ದ ಜಾಗ

ಸತ್ತವರು ಸುಳಿವು ಕೊಡುತ್ತಾರೆ ಅಂತ ಯಾರಾದರೂ ಹೇಳಿದರೆ ನಾನು ಎದುರಿಗೇ ನಕ್ಕುಬಿಡುತ್ತಿದ್ದೆ. ಕೊಟ್ಟೂರಿನಲ್ಲಿ ಕ್ಯಾಸೆಟ್ ಅಂಗಡಿ ಇಟ್ಟವನು ನಾನು. ಟೇಪಿನಲ್ಲಿ ತುಂಬಿದ್ದಷ್ಟೇ ಹೊರಗೆ ಬರುತ್ತದೆ ಅನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈಗ ಹಾಗೆ ನಗುವ ಧೈರ್ಯ ಇಲ್ಲ.

ನಮ್ಮಣ್ಣ ಮದುವೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಊದುತ್ತಿದ್ದ. ಹೊಸಪೇಟೆಯ ಹಳೇ ಸಾಮಾನಿನ ಅಂಗಡಿಯಲ್ಲಿ ಅವನಿಗೊಂದು ಜಾಝ್ ಕ್ಯಾಸೆಟ್ ಸಿಕ್ಕಿತ್ತು. ಅಮೆರಿಕದ ಜನರ ಬಾಯಲ್ಲಿದ್ದ ಹಳೆಯ ಹಾಡುಗಳನ್ನೇ ಯಾರೋ ಪುಣ್ಯಾತ್ಮ ಸ್ಯಾಕ್ಸೊಫೋನಿನಲ್ಲಿ ತನಗೆ ಬೇಕಾದಂತೆ ನುಡಿಸಿದ್ದ. "ಧಾಟಿ ಅದೇ ಐತಿ, ಆದ್ರ ಸುತ್ತು ಹಾಕ್ಕೊಂಡು ಮನಿಗೆ ಬರ್ತಾನ ನೋಡಲೇ," ಅನ್ನುತ್ತಿದ್ದ ಅಣ್ಣ. ಮಧ್ಯಾಹ್ನ ಅಂಗಡಿಯ ಹಿಂದೆ ಕೂತು ಅದರ ಜೊತೆ ಊದುವನು. ಎರಡನೆಯ ಹಾಡಿನಲ್ಲಿ ಒಂದು ಕಡೆ ಉಸಿರು ಸಾಲದೆ ನಿಲ್ಲಿಸಿ, ಕೆಮ್ಮಿ, "ತಡಿ, ಇನ್ನೊಮ್ಮಿ" ಅನ್ನುವನು.

ಒಂದು ಮದುವೆ ಸೀಸನ್ನಿನಲ್ಲಿ ನನ್ನ ಹತ್ತಿರ ಖಾಲಿ ಕ್ಯಾಸೆಟ್ ಮುಗಿದುಹೋದವು. ಕೋಗಳಿಯ ಗಿರಾಕಿಗೆ ಅವಸರ. ಅದರ ಮೇಲೆ ಯಾರೂ ಬೇರೆ ಹಾಡು ತುಂಬಲಾಗದಿರಲಿ ಅಂತ ಅಣ್ಣ ತನ್ನ ಜಾಝ್ ಕ್ಯಾಸೆಟ್ಟಿನ ಬೆನ್ನಿನ ಎರಡೂ ಪ್ಲಾಸ್ಟಿಕ್ ಹಲ್ಲು ಮುರಿದಿಟ್ಟಿದ್ದ. ನಾನು ಆ ತೂತುಗಳಿಗೆ ಅಂಟುಪಟ್ಟಿ ಹಚ್ಚಿ, ಎರಡೂ ಕಡೆ ಸೋಬಾನ ಪದ ತುಂಬಿ ಕೊಟ್ಟುಬಿಟ್ಟೆ. ಅಣ್ಣನಿಗೆ ಹೇಳುವ ಮೊದಲೇ, ಹಡಗಲಿ ಮದುವೆಗೆ ಹೊರಟ ಬ್ಯಾಂಡಿನ ಟೆಂಪೊ ಮಗುಚಿ ಅವನು ಹೋಗಿಬಿಟ್ಟ. ಊರಿಗೆಲ್ಲ ಹಾಡು ತುಂಬಿಕೊಟ್ಟ ನಾನು ನನ್ನ ಅಣ್ಣನ ಒಂದು ಉಸಿರನ್ನೂ ತುಂಬಿಟ್ಟಿರಲಿಲ್ಲ. ಆ ಸಂಕಟ ಹೇಳತೀರದು.

ತಿಂಗಳಾದ ಮೇಲೆ, ಮಟಮಟ ಮಧ್ಯಾಹ್ನ, ಕೋಗಳಿಯ ಗಿರಾಕಿ ಕ್ಯಾಸೆಟ್ ವಾಪಸ್ ತಂದರು.

"ಇದ್ರಾಗ ಸೋಬಾನ ಇಲ್ಲರಿ. ಯಾರೋ ಪೀಪಿ ಊದ್ಯಾರ."

ಹಾಕಿದೆ. ಜಾಝ್ ಬಂತು. ಎರಡನೆಯ ಹಾಡಿನಲ್ಲಿ ಇನ್ನೊಂದು ಸ್ಯಾಕ್ಸೊಫೋನ್ ಜೊತೆಗೂಡಿತು. ಅದೇ ಜಾಗಕ್ಕೆ ಬಂದು ನಿಂತಿತು. ಕೆಮ್ಮು ಕೇಳಿಸಿತು. ಆಮೇಲೆ, "ತಡಿ, ಇನ್ನೊಮ್ಮಿ."

ಟೇಪು ನಿಲ್ಲಿಸಿ ಅವ್ವನನ್ನು ಕರೆತರಲು ಮನೆಗೆ ಓಡಿದೆ. ನಿಲ್ಲಿಸಬಾರದಿತ್ತು. ಅವ್ವನ ಮುಂದೆ ಮತ್ತೆ ಹಾಕಿದಾಗ ಬಂದದ್ದು ಬರೀ ಸೋಬಾನ. ತಾನೂ ಕೇಳಿದ್ದು ನಿಜ ಅಂತ ಗಿರಾಕಿ ಆಣೆ ಮಾಡಿ ಹೇಳಿದರು. ಆಮೇಲೆ ಬೇರೆ ಟೇಪ್ ರೆಕಾರ್ಡರಿನಲ್ಲಿ ಹಾಕಿದೆ, ಕ್ಯಾಸೆಟ್ ಬಿಚ್ಚಿಯೂ ನೋಡಿದೆ. ಅದು ಹೇಗಾಯಿತೋ ಇವತ್ತಿಗೂ ನನಗೆ ತಿಳಿದಿಲ್ಲ.

ಆ ದಿನ ಅವ್ವ ಮಾತ್ರ ಎದ್ದು ಹೋಗಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಆ ಕಡೆಯ ಹಾಡೆಲ್ಲ ಮುಗಿಯುವ ತನಕ ಕೇಳಿದಳು. ಆಮೇಲೆ ಮೆಲ್ಲಗೆ, "ಇನ್ನೊಂದು ಮಗ್ಗಲಾ ಹಾಕಪಾ" ಅಂದಳು.