ಖಾಸೀಂಬಿಯ ಎಲೆತೋಟದ ನೀರು

1984ರ ಅಕ್ಟೋಬರ್ ಕೊನೆಯ ವಾರ ಖಾಸೀಂಬಿಯವರ ಇದ್ದತ್ತು ಮುಗಿಯಿತು. ಗಂಡ ತೀರಿದ ಹೆಂಗಸು ಮನೆಯೊಳಗೇ ಕಳೆಯಬೇಕಾದ ನಾಲ್ಕು ತಿಂಗಳು ಹತ್ತು ದಿನ. ಮರುದಿನ ಬೆಳಿಗ್ಗೆ ಅವರು ನೇರವಾಗಿ ಎಲೆತೋಟಕ್ಕೆ ಬಂದರು. ಮೇಲಿನ ತುಂಡಿನ ಇಪ್ಪತ್ತಾರು ಸಾಲು ವೀಳ್ಯದೆಲೆ ಬಳ್ಳಿ ಒಣಗಿ, ಚೊಗಚೆ ಮತ್ತು ನುಗ್ಗೆ ಗಿಡಗಳಿಗೆ ಹಗ್ಗದಂತೆ ಜೋತುಬಿದ್ದಿತ್ತು. ಅವರು ಒಮ್ಮೆ ನೋಡಿದರು. ಕೆಳಗಿನ ತುಂಡಿಗೆ ಇಳಿದು ಎಲೆ ಕೊಯ್ಯತೊಡಗಿದರು.

"ಅಳ್ಲೇ ಇಲ್ಲ ನೋಡ್ರಿ," ಎಂದು ಊರಿನ ಹೆಂಗಸರು ಆಡಿಕೊಂಡರು. ನಾನು ಆಗ ಆ ಊರಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ; ಬಾಡಿಗೆ ಮನೆ ತೋಟಕ್ಕೆ ಹತ್ತಿಕೊಂಡೇ ಇತ್ತು. ಊರು ಗಾಣಗಾಪುರದಿಂದ ಎರಡು ಮೈಲು. ಖಾಸೀಂಬಿಯವರ ಎಲೆ ಅಲ್ಲಿಯ ಅಂಗಡಿಗಳಿಗೆ ಹೋಗುತ್ತಿತ್ತು. ಮಗಳು ಜೇವರ್ಗಿಯಲ್ಲಿ ಗಂಡನ ಮನೆಯಲ್ಲಿದ್ದಳು. ಇವರಿಗೆ ಉಳಿದದ್ದು ಕೆಳಗಿನ ತುಂಡಿನ ಇಪ್ಪತ್ತೆರಡು ಸಾಲು. ಅದೂ ಹೋದರೆ ಐವತ್ತನೇ ವಯಸ್ಸಿನಲ್ಲಿ ಕಂಡವರ ಹೊಲಕ್ಕೆ ಕೂಲಿ ಹೋಗಬೇಕಿತ್ತು.

ಬಳ್ಳಿಗೆ ಬಂದದ್ದು ಬುಡಕೊಳೆ ರೋಗ. ಮಣ್ಣಿಗೆ ತಾಗಿದ ಕಾಂಡ ಕಪ್ಪಾಗಿ, ಹಿಸುಕಿದರೆ ನೀರಾಗುತ್ತದೆ. ಎಂಟು ದಿನದಲ್ಲಿ ಬಳ್ಳಿ ಬಾಡುತ್ತದೆ. ಹಿಂದಿನ ವರ್ಷ ಗಂಡ ಯಾಕೂಬಸಾಬರು ಮೇಲಿನ ತುಂಡಿನ ಬುಡಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀಲಿ ನೀರನ್ನು ಮೇಲಿಂದ ಮೇಲೆ ಸುರಿದಿದ್ದರು. ರೋಗ ಒಂದು ಋತು ನಿಂತು ಮತ್ತೆ ಬಂತು. ಎರೆಹುಳುಗಳು ಮಾತ್ರ ಮತ್ತೆ ಬರಲಿಲ್ಲ. ಬುಡದ ಮಣ್ಣು ಗಟ್ಟಿಯಾಗಿ, ಹಾಯಿಸಿದ ನೀರು ಇಂಗದೆ ನಿಲ್ಲುತ್ತಿತ್ತು.

ಈಗ ಕೆಳಗಿನ ತುಂಡಿನಲ್ಲೂ ಮೊದಲ ಸಾಲು ಬಾಡಿತ್ತು. ಮೈದುನ ಮುರ್ತುಜಾ ನೀಲಿ ಔಷಧದ ಡಬ್ಬಿ ತಂದಿಟ್ಟ.

"ಭಾಬಿ, ಇವತ್ತೇ ಹಾಕೋಣು. ತಡ ಮಾಡಿದ್ರ ಇದೂ ಹೋಗ್ತದ."

"ಬ್ಯಾಡ. ಹುಳ ಸಾಯ್ತಾವ."

"ಹುಳದ ಚಿಂತಿ ಮಾಡ್ತಿ, ಹೊಟ್ಟಿ ಚಿಂತಿ ಇಲ್ಲೇನು?"

"ಎರಡೂ ಒಂದೇ ಅದ," ಎಂದು ಖಾಸೀಂಬಿ ಡಬ್ಬಿಯನ್ನು ಬಾವಿಯ ಕೋಣೆಯಲ್ಲಿಟ್ಟು ಚಿಲಕ ಹಾಕಿದರು.

ಅವರದೇ ಒಂದು ಕ್ರಮವಿತ್ತು. ಬಳ್ಳೊಳ್ಳಿ ಅರೆದು ನೀರಲ್ಲಿ ನೆನೆಸಿ ಸೋಸುವುದು. ಐದು ದಿನ ಹುಳಿಸಿದ ಮಜ್ಜಿಗೆಗೆ ಹತ್ತು ಪಾಲು ನೀರು ಬೆರೆಸುವುದು. ಒಂದು ವಾರ ಅದು, ಒಂದು ವಾರ ಇದು. ಸಿಂಪಡಿಸುವ ಮೊದಲು ಬಳ್ಳಿಗಳ ಕೆಳಗೆ ಗೋಣಿತಟ್ಟು ಹಾಸುತ್ತಿದ್ದರು, ತೊಟ್ಟಿಕ್ಕಿದ ನೀರು ಮಣ್ಣಿಗೆ ಇಳಿಯಬಾರದೆಂದು. ಬಳ್ಳೊಳ್ಳಿ ಮನೆಯ ಔಷಧವಲ್ಲವೇ, ಇಷ್ಟು ಯಾಕೆ ಎಂದು ಕೇಳಿದೆ.

"ಇದು ಮನೀದು, ಅದು ಅಂಗಡೀದು ಅಂತ ಹುಳಕ್ಕೇನು ಗೊತ್ತಾಗ್ತದ್ರಿ ಮಾಸ್ತರ?"

ಎಲೆಗಳ ಮೇಲೂ ಕಪ್ಪು ಚುಕ್ಕೆ ಬಿದ್ದಿತ್ತು; ಅದು ಒಂದು ತಿಂಗಳಲ್ಲಿ ಕಡಿಮೆಯಾಯಿತು. ಬುಡ ಕೊಳೆಯುವುದು ನಿಲ್ಲಲಿಲ್ಲ. ಬೇವಿನ ಹಿಂಡಿ ಹಾಕಿದರು. ಎರಡನೇ ಸಾಲು ಹೋಯಿತು. ಸಂಕ್ರಾಂತಿಯ ಹೊತ್ತಿಗೆ ಮೂರನೆಯದು.

ಸತ್ತ ಬಳ್ಳಿಗಳನ್ನು ನಾನು ಕಾಗದದ ಮೇಲೆ ಗುರುತು ಮಾಡಿದೆ. ಎಲ್ಲವೂ ನೀರು ಒಳಬರುವ ಕಡೆಗೇ ಇದ್ದವು. ಈ ರೋಗದ ಬೀಜ ಹಸಿ ಮಣ್ಣಿಗೆ ಅಂಟಿಕೊಂಡು ಬರುತ್ತದೆ, ನೀರಿನಲ್ಲಿ ಈಜುತ್ತದೆ. ಬಾವಿಯ ನೀರಿನಲ್ಲಿ ದೋಷವಿದ್ದರೆ ಅದೇ ಬಾವಿಯಿಂದ ನೀರುಣ್ಣುವ ಪಕ್ಕದ ಬದನೆಯೂ ಕೊಳೆಯಬೇಕಿತ್ತು. ಹಾಗಾದರೆ ತೋಟಕ್ಕೆ ನೀರು ತರುವ ಕಾಲುವೆಯ ಬಾಯಲ್ಲಿ ಏನಾಗುತ್ತಿದೆ ಎಂದು ಒಂದು ಬೆಳಿಗ್ಗೆ ಕುಳಿತು ನೋಡಿದೆ.

ಎಲೆತೋಟಕ್ಕೆ ಯಾರೂ ಚಪ್ಪಲಿ ಮೆಟ್ಟಿ ಬರುವುದಿಲ್ಲ. ಬಳ್ಳಿ ಪಾಕ, ಶುದ್ಧ, ಎಂಬ ನಂಬಿಕೆ. ಬಾಗಿಲಲ್ಲಿ ಕಾಲು ತೊಳೆದೇ ಒಳಗೆ ಹೆಜ್ಜೆ. ಮುರ್ತುಜಾ ಮತ್ತು ಇಬ್ಬರು ಕೊಯ್ಲಿನವರು ಬಂದರು. ನಸುಕಿನಲ್ಲಿ ಬೇರೆಯವರ ಮೂರು ತೋಟಗಳಲ್ಲಿ ಎಲೆ ಕೊಯ್ದು ಬಂದವರು; ಆ ಮೂರರಲ್ಲೂ ಎರಡು ವರ್ಷದ ಹಿಂದೆಯೇ ಬುಡಕೊಳೆ ಬಂದಿತ್ತು. ಕಾಲುವೆಯಲ್ಲಿ ನಿಂತು, ಬೆರಳ ಸಂದಿಯ ಕೆಸರನ್ನು ಚೆನ್ನಾಗಿ ಉಜ್ಜಿ ತೊಳೆದರು. ಆ ನೀರು ಹರಿದು ಮೊದಲ ಸಾಲಿಗೆ ಹೋಯಿತು.

ಖಾಸೀಂಬಿಯವರನ್ನು ಕರೆದು ತೋರಿಸಿದೆ.

"ಮೊದ್ಲು ಆ ಮೂರೂ ತ್ವಾಟಕ್ಕ ಇವ್ರೇ ಹೋಗ್ತಿದ್ರು," ಎಂದರು. ಇವರು ಎಂದರೆ ಯಾಕೂಬಸಾಬ. "ಬಂದು ಮ್ಯಾಲಿನ ಕಾಲುವ್ಯಾಗ ನಿಲ್ತಿದ್ರು. ನಮಾಜಿಗೆ ತೊಳದಂಗ ತೊಳೀತಿದ್ರು."

ಧ್ವನಿಯಲ್ಲಿ ಏರಿಳಿತವಿರಲಿಲ್ಲ.

ಮರುದಿನ ದಾರಿಯ ಪಕ್ಕ, ತೋಟಕ್ಕಿಂತ ತಗ್ಗಿನಲ್ಲಿ, ಒಂದು ಕಲ್ಲು, ಒಂದು ಹಂಡೆ ನೀರು ಬಂದವು. ಕಾಲು ಅಲ್ಲಿ ತೊಳೆಯಬೇಕು. ನೀರು ದಾರಿಗೆ ಹರಿಯಬೇಕು. ಕುಡಗೋಲೂ ಅಲ್ಲೇ.

"ಏನ್ ಖಾಸೀಂಬಿ, ತ್ವಾಟ ಬಿಟ್ಟು ದವಾಖಾನಿ ತೆರದಿಯೇನ?" ಎಂದು ಕೊಯ್ಲಿನ ಲಾಡ್ಲೆಸಾಬ ನಕ್ಕ. "ಸೂಜೀನೂ ಚುಚ್ತಿ?"

"ಮೊದ್ಲು ಹಿಮ್ಮಡ ತೊಳಿ. ಸೂಜಿ ಆಮ್ಯಾಲ."

ಮುರ್ತುಜಾ ನಗಲಿಲ್ಲ. "ಹರಿಯೋ ನೀರು ಬಿಟ್ಟು ಹಂಡ್ಯಾನ ನೀರು? ಅಣ್ಣ ಮೂವತ್ತು ವರ್ಷ ಕಾಲುವ್ಯಾಗ ತೊಳದಾನ. ಅವನ ರಿವಾಜ ತಪ್ಪಂತೀಯೇನು?"

ಅವರು ಏನಾದರೊಂದು ನೆವ ಹೇಳಬಹುದಿತ್ತು. ಹೇಳಲಿಲ್ಲ.

"ಮ್ಯಾಲಿನ ತುಂಡಿಗೆ ರೋಗ ತಂದವ್ರು ಅವ್ರೇ, ಮುರ್ತುಜಾ. ಗೊತ್ತಿರ್ಲಿಲ್ಲ ಅವ್ರಿಗೆ. ಈಗ ನೀ ತರಾಕತ್ತಿ. ನಿನಗೂ ಗೊತ್ತಿರ್ಲಿಲ್ಲ."

ಮುರ್ತುಜಾ ಕುಡಗೋಲು ಕಲ್ಲಿನ ಮೇಲಿಟ್ಟು ಹೊರಟುಹೋದ. ಸತ್ತ ಗಂಡನ ಮೇಲೆ ತಪ್ಪು ಹೊರಿಸಿದಳು ಎಂಬ ಮಾತು ಸಂಜೆಯೊಳಗೆ ಮನೆಮನೆ ಮುಟ್ಟಿತು. ಅವನು ಮತ್ತೆ ತೋಟದೊಳಗೆ ಬರಲಿಲ್ಲ. ದಾರಿಯಲ್ಲೇ ನಿಂತು ಎಲೆಯ ಕಟ್ಟು ಪಡೆದು ಗಾಣಗಾಪುರಕ್ಕೆ ಒಯ್ಯುತ್ತಿದ್ದ. ಎಷ್ಟು ಕಟ್ಟು ಎಂಬುದೊಂದನ್ನು ಬಿಟ್ಟು ಇಬ್ಬರ ನಡುವೆ ಮಾತಿರಲಿಲ್ಲ.

ಖಾಸೀಂಬಿ ಮೂರು ಸಾಲು ಕಿತ್ತು ಸುಟ್ಟರು, ಕಾಲುವೆಗೆ ಹೊಸ ಬಾಯಿ ಕೊಟ್ಟರು. ಗೋಣಿತಟ್ಟು ಹಾಸಿ ಮಜ್ಜಿಗೆ ಸಿಂಪಡಿಸುವುದು ಎಂದಿನಂತೆ ನಡೆಯಿತು.

1985ರ ಮಳೆಗಾಲ ಮುಗಿದ ಮೇಲೆ ನಾನು ಬುಡಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಹತ್ತೊಂಬತ್ತು ಸಾಲಿನಲ್ಲಿ ಒಂದೂ ಮೆತ್ತಗಾಗಿರಲಿಲ್ಲ. ಒಂದು ಬೊಗಸೆ ಮಣ್ಣೆತ್ತಿದರೆ ನಾಲ್ಕು ಎರೆಹುಳು.

"ಉಳೀತು ಅವ್ವಾ," ಎಂದೆ.

"ಹೌದ್ರಿ, ನೋಡೀನಿ," ಎಂದು ಅವರು ಎಲೆಗಳ ತೊಟ್ಟು ಸಮ ಮಾಡಿ ಕಟ್ಟು ಬಿಗಿದರು. ದಾರಿಯಲ್ಲಿ ಮುರ್ತುಜಾ ಸೈಕಲ್ಲು ಹಿಡಿದು ನಿಂತಿದ್ದ. ಅವರು ಕಟ್ಟನ್ನು ತಲೆಯ ಮೇಲಿಟ್ಟುಕೊಂಡು ಅತ್ತ ನಡೆದರು.